ಏಕಾಂತಪ್ಪನವರ ಕೋಣೆಯ ಅರವತ್ತು ಶೇಂಗಾ ಚೀಲಗಳಿಗೆ

ಕೊಟ್ಟೂರು
ಫೆಬ್ರುವರಿ ೧೯೯೯

ಮಾನ್ಯರೇ,

ತಮ್ಮ ಅರವತ್ತೂ ಹೊಲಿದ ಬಾಯಿಗಳಿಗೆ ನನ್ನ ಬಾಗಿದ ಬೆನ್ನಿನ ನಮಸ್ಕಾರಗಳು. ಅಕ್ಷರ ಸೊಟ್ಟಗಿರುವುದಕ್ಕೂ ಒತ್ತು ದೀರ್ಘಗಳು ತಪ್ಪಿರುವುದಕ್ಕೂ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಮೇಲಾಗಿ ಈ ಕಾಗದವನ್ನು ತಮ್ಮಲ್ಲೊಬ್ಬರ ಬೆನ್ನ ಮೇಲೆಯೇ ಇಟ್ಟು ಬರೆಯುತ್ತಿರುವುದರಿಂದ, ಒಳಗಿನ ಕಾಯಿ ಜರುಗಿದಾಗೆಲ್ಲ ಅಕ್ಷರವೂ ಜರುಗುತ್ತಿದೆ. ಇದನ್ನು ಬಹಿರಂಗ ಪತ್ರವೆಂದೇ ಕರೆಯುತ್ತೇನೆ, ಕಾರಣವಿಷ್ಟೇ: ಈ ಕೋಣೆಯ ಬಾಗಿಲಿಗೆ ಚಿಲಕವಿಲ್ಲ, ಇಲ್ಲಿ ಯಾವುದೂ ಗುಟ್ಟಾಗಿ ಉಳಿಯುವುದಿಲ್ಲ.

ತಾವು ನನ್ನನ್ನು ಮರೆತಿರಬಹುದು. ಹೊಸಹಳ್ಳಿ ಕಡೆಯಿಂದ ಬಂದು ಈ ಊರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಅಂಜಿನಿ ನಾನು. ನನ್ನ ಹೆಂಡತಿ ಹೊನ್ನೂರಮ್ಮ ಹೆರಿಗೆಗೆಂದು ಚಿಗಟೇರಿಯ ತವರಿಗೆ ಹೋದವಳು ಅಲ್ಲೇ ಇದ್ದಾಳೆ. ಬರುವ ಸೋಮವಾರಕ್ಕೆ ಕೂಸಿಗೆ ಐದು ತಿಂಗಳು ತುಂಬುತ್ತದೆ. ಅಂದು ಮಗಳನ್ನು ಕಳಿಸಬೇಕಾದ ಅತ್ತೆ ಗಾದೆಮ್ಮ ಒಂದೇ ಒಂದು ಷರತ್ತು ಹಾಕಿದ್ದಾರೆ: “ತೊಟ್ಲ ಕಟ್ಟಾಕ ಒಂದು ಗಟ್ಟಿ ತೊಲಿ ತೋರ್ಸು ಅಳಿಯಪ್ಪ, ಕಳಿಸ್ತೀನಿ. ಇಲ್ಲಂದ್ರ ಪಂಚಮಿ ಮುಗಿಯೋ ತನಕ ಇಲ್ಲೇ ಇರ್ತಾಳ. ಕೂಸನ್ನ ನೆಲದಾಗ ಒಗ್ಯಾಕ ಅದೇನು ಶೇಂಗಾ ಚೀಲಲ್ಲ!” ತಮ್ಮನ್ನು ಬರಿ ನೆಲಕ್ಕೆ ಎಸೆಯುವುದಿಲ್ಲ, ತಮ್ಮ ಅಡಿಯಲ್ಲಿ ಹಲಗೆ ಹಾಕುತ್ತಾರೆ ಎಂಬುದು ಪಾಪ ಅವರಿಗೆ ಗೊತ್ತಿಲ್ಲ.

ಆದ್ದರಿಂದ ನಾನು ಈ ಊರಿನಲ್ಲಿ ತೊಲೆ ಹುಡುಕಿಕೊಂಡು ಹೊರಟೆ. ಮೊದಲನೇ ಮನೆಯಲ್ಲಿ ತೊಲೆ ಚೆನ್ನಾಗಿತ್ತು. “ಒಬ್ಬನ ಅದೀಯೇನು? ಒಂಟಿ ಗಂಡಸರಿಗೆ ನಾವು ಮನಿ ಕೊಡಂಗಿಲ್ಲಪ್ಪ” ಅಂದರು. ಎರಡನೇ ಮನೆಯಲ್ಲಿ ಹೆಂಡತಿ, ಕೂಸು ಇಬ್ಬರನ್ನೂ ಮೊದಲೇ ಹೇಳಿಬಿಟ್ಟೆ. “ಹಸುಗೂಸೇನು? ಹಂಗಾರ ದಿನಾ ನಾಕು ಕೊಡ ನೀರು ಹೆಚ್ಚಿಗಿ ಬೇಕು, ನಮ್ಮ ನಳಕ್ಕ ಅಷ್ಟು ದಮ್ಮಿಲ್ಲ” ಅಂದರು. ಮೂರನೇ ಮನೆಯವರು ನೀರಿನ ಮಾತೇ ಎತ್ತದೆ “ಅದಿರ್ಲಿ, ಯಾವ ಮಂದಿ ನೀವು?” ಎಂದು ಮಾತ್ರ ಕೇಳಿದರು. ನಾನು ಹೇಳಿದೆ. ಆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿತ್ತಂತೆ. ಆ ಬೇರೆಯವರು ಬಹಳ ಸದ್ದಿಲ್ಲದ ಜನ ಇರಬೇಕು, ಇವತ್ತಿಗೂ ಬಾಗಿಲಿಗೆ ಬೀಗವಿದೆ. ನನ್ನ ಕೂಲಿಗೆ ಎಟುಕುವ ಬಾಡಿಗೆಯ ನಾಲ್ಕನೇ ಮನೆಯಲ್ಲಿ ತೊಲೆಯೇ ಇರಲಿಲ್ಲ. ತಗಡನ್ನು ಗಾಳಿಗೆ ಹಾರದಂತೆ ಕಲ್ಲು ಹೇರಿ ಕೂರಿಸಿದ್ದರು.

ಐದನೆಯದೇ ಶೇಂಗಾ ವ್ಯಾಪಾರಿ ಏಕಾಂತಪ್ಪನವರ ಹಿತ್ತಿಲಿನ ಈ ಕೋಣೆ. ಖಾಲಿ ಇದೆಯೆಂದು ಸುದ್ದಿ ಸಿಕ್ಕ ದಿನವೇ ಅದೃಷ್ಟಕ್ಕೆ ಅವರ ಮನೆಯ ಹಮಾಲಿಯೂ ನನಗೇ ಬಂತು. ಒಳಗೆ ಕಾಲಿಟ್ಟು ಮೇಲೆ ನೋಡಿದರೆ, ತೇಗದ ತೊಲೆ! ಕೋಣೆಯನ್ನು ಬಾಡಿಗೆಗೆ ಕೇಳಿಯೇಬಿಡಬೇಕೆಂದು ನಿರ್ಧರಿಸಿದೆ. ಆದರೆ ದೊಡ್ಡವರ ಮುಂದೆ ನಿಂತರೆ ನನ್ನ ನಾಲಿಗೆ ಒಣಗುತ್ತದೆ. ತಮ್ಮಲ್ಲೊಬ್ಬರನ್ನು ಬೆನ್ನ ಮೇಲೆ ಹೊತ್ತು ತರುವಾಗ ಮಾತು ಹೊಂದಿಸಿಕೊಳ್ಳುತ್ತಿದ್ದೆ, ಇಳಿಸುವಾಗ ಅದು ತಪ್ಪಿಹೋಗುತ್ತಿತ್ತು. ಇರಲಿ, ಮುಂದಿನ ಚೀಲಕ್ಕೆ ಕೇಳೋಣ ಎಂದುಕೊಳ್ಳುತ್ತಿದ್ದೆ. ಹೀಗೆ ಅರವತ್ತು ಸಲ ಹೊಂದಿಸಿ, ಕೊನೆಯ ಚೀಲ ಇಳಿಸುವ ಹೊತ್ತಿಗೆ ಮಾತು ಬಹಳ ಚೆನ್ನಾಗಿ ಸಿದ್ಧವಾಗಿತ್ತು. ಕೋಣೆ ಮಾತ್ರ ತುಂಬಿಹೋಗಿತ್ತು. ನನಗೆ ಬೇಕಾದ ಮನೆಗೆ ಬೇರೆಯವರನ್ನು ನನ್ನ ಬೆನ್ನ ಮೇಲೆಯೇ ಹೊತ್ತು ತಂದು ಕೂರಿಸಿದವನು ನಾನು. ಏಕಾಂತಪ್ಪನವರು “ಭಾರಿ ನೀಟಾಗಿ ಒಟ್ಟೀಯಲೇ!” ಎಂದು ಬೆನ್ನು ತಟ್ಟಿದರು.

ಮಾನ್ಯರೇ, ತಾವು ನಿಜಕ್ಕೂ ಆದರ್ಶ ಬಾಡಿಗೆದಾರರು. ತಮಗೆ ನೀರು ಬೇಡ, ದೀಪ ಬೇಡ, ನೆಂಟರು ಬರುವುದಿಲ್ಲ. ತಮ್ಮನ್ನು ಯಾರೂ ಆರು ತಿಂಗಳ ಅಡ್ವಾನ್ಸ್ ಕೇಳಲಿಲ್ಲ. ತಂಬ್ರಹಳ್ಳಿಯ ಹೊಲದವರೂ ಹಡಗಲಿಯ ಹೊಲದವರೂ ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದೀರಿ, ಯಾವ ಮಂದಿ ನೀವು ಎಂದು ಇವತ್ತಿನವರೆಗೆ ಒಬ್ಬರೂ ವಿಚಾರಿಸಿಲ್ಲ. ಮುಂದಿನ ಜನ್ಮವೊಂದಿದ್ದರೆ ನಾನೂ ಹೊಲಿದ ಬಾಯಿಯ ಗೋಣಿಚೀಲವಾಗಿ ಹುಟ್ಟಿ, ಈ ಊರಿನ ಒಳ್ಳೆಯ ಓಣಿಯಲ್ಲೇ ಮನೆ ಹಿಡಿಯಬೇಕೆಂದಿದ್ದೇನೆ.

ತಮ್ಮಲ್ಲಿ ಒಂದೇ ಒಂದು ಕೊರತೆ, ಇಲಿ ಓಡಿಸಲು ಬರುವುದಿಲ್ಲ. ಅದೇ ನನ್ನ ಪುಣ್ಯ. ಮೊನ್ನೆ ಏಕಾಂತಪ್ಪನವರ ಮನೆಯವರಾದ ನಾಗಲಿಂಗಮ್ಮನವರು ಚೀಲಕ್ಕೆ ಬಿದ್ದ ತೂತು ತೋರಿಸಿ ಬೈಯುತ್ತಿದ್ದರು. ಗಾಳಿಯಾಡಲೆಂದು ಗೋಡೆಗುಂಟ ನಾನು ಬಿಟ್ಟಿದ್ದ, ಎರಡು ಚಾಪೆ ಹಾಸುವಷ್ಟು ಜಾಗವನ್ನು ನೋಡಿದರು, ನನ್ನನ್ನೂ ನೋಡಿದರು. “ಇಲ್ಲೇ ಬಿದ್ಕೊಂಡು ಇಲಿ ಕಾಯಂಗಿದ್ರ ಅರ್ಧ ಬಾಡಿಗಿ ಕೊಟ್ಟು ಇರಪ್ಪ” ಅಂದರು. ಹೆಂಡತಿ, ಕೂಸು ಬರುವ ವಿಷಯವನ್ನು ಕಣ್ಣು ಮುಚ್ಚಿಕೊಂಡು ಹೇಳಿದೆ. “ಕೂಸು ಬಾಳ ಅಳ್ತೈತೇನು?” ಎಂದು ಕೇಳಿದರು. ಅಳುತ್ತದಮ್ಮ ಎಂದೆ. “ಅಳ್ಲಿ ಬಿಡು, ಇಲಿ ಓಡಿ ಹೋಗ್ತಾವ” ಅಂದರು. ಹೀಗೆ ತಮ್ಮನ್ನು ಕಾಯುವ ಕೆಲಸಕ್ಕೆ ನಾನೇ ಬಾಡಿಗೆ ಕೊಟ್ಟು ಸೇರಿಕೊಂಡಿದ್ದೇನೆ. ನನ್ನ ಮಗಳಿಗೂ ಐದನೇ ತಿಂಗಳಿಗೇ ನೌಕರಿಯಾಯಿತು.

ಈಗ ನನ್ನ ಬೇಡಿಕೆಗಳು. ದಯವಿಟ್ಟು ತಮ್ಮ ದರ ಏರದಿರಲಿ. ಏರಿದರೆ ಏಕಾಂತಪ್ಪನವರು ತಮ್ಮನ್ನು ಮಾರಿ, ಕೋಣೆಗೆ ಸುಣ್ಣ ಹೊಡೆಸಿ, ತಿಂಗಳ ಸಂಬಳದ ಮೇಷ್ಟರಿಗೆ ಕೊಟ್ಟುಬಿಡುತ್ತಾರೆ. ದಯವಿಟ್ಟು ಇಳಿಯುವುದೂ ಬೇಡ. ಇಳಿದರೆ ಅಗ್ಗಕ್ಕೆ ಸಿಕ್ಕಿತೆಂದು ತಮ್ಮ ಬಂಧುಬಳಗವನ್ನೂ ಕೊಂಡು ತಂದು ನಮ್ಮ ಚಾಪೆಯ ಮೇಲೆ ಒಟ್ಟಿಸುತ್ತಾರೆ. ಕೂಸು ನಡೆಯುವುದನ್ನು ಕಲಿಯುವವರೆಗಾದರೂ ತಾವು ಮಾರುಕಟ್ಟೆಯ ದರ ಬರೆಯುವ ಹಲಗೆಯ ಮೇಲೆ ಒಂದೇ ಅಂಕಿಯಲ್ಲಿ ನಿಂತಿರಬೇಕು. ಹಗಲು ಹೊನ್ನೂರಮ್ಮ ರೊಟ್ಟಿ ಬಡಿಯುವಾಗ ಸ್ವಲ್ಪ ಹೊಟ್ಟೆ ಒಳಗೆ ಎಳೆದುಕೊಂಡರೆ ಇನ್ನೂ ಉಪಕಾರವಾಗುತ್ತದೆ.

ಕೊನೆಯದಾಗಿ, ಇವತ್ತು ಬೆಳಿಗ್ಗೆ ನಡೆದದ್ದಕ್ಕೆ ಕ್ಷಮೆಯಿರಲಿ. ಏಣಿ ಕೇಳಲು ನಾಚಿಕೆಯಾಗಿ ತಮ್ಮ ಹೆಗಲ ಮೇಲೆಯೇ ಹತ್ತಿ ತೊಲೆಗೆ ಹಗ್ಗ ಬಿಗಿದೆ. ಇಷ್ಟು ವರ್ಷ ನಾನು ತಮ್ಮವರನ್ನು ಹೊತ್ತೆ, ಇವತ್ತು ತಾವು ನನ್ನನ್ನು ಹೊತ್ತಿರಿ. ಆಮೇಲೆ ಹೊನ್ನೂರಮ್ಮನ ಹಳೇ ಸೀರೆಯಲ್ಲಿ ತೊಟ್ಟಿಲು ಕಟ್ಟಿ, ಗಟ್ಟಿ ಇದೆಯೋ ಇಲ್ಲವೋ ನೋಡಲು ತಮ್ಮಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ಅದರಲ್ಲಿ ಮಲಗಿಸಿ ನಾಲ್ಕು ಸಲ ತೂಗಿದೆ. ತೊಲೆ ಕಿರ್ ಎನ್ನಲಿಲ್ಲ.

ತಮ್ಮ ವಿಶ್ವಾಸಿ, ತಮ್ಮ ಕಾವಲುಗಾರ ಮತ್ತು ತಮ್ಮ ಪಾಲಿನ ಬಾಡಿಗೆಯನ್ನೂ ಕಟ್ಟುವವ,
ಅಂಜಿನಿ

ವಿ.ಸೂ.: ತಮ್ಮ ನಂತರ ಇಲ್ಲಿ ಮೆಕ್ಕೆಜೋಳ ತುಂಬಿಸಬೇಕೆಂದು ಏಕಾಂತಪ್ಪನವರು ಯಾರಿಗೋ ಹೇಳುತ್ತಿದ್ದರು. ಅದನ್ನು ಹೊತ್ತು ತರುವವನೂ ನಾನೇ. ಈ ಸಲ ಕೋಣೆ ಕೇಳುವ ಮಾತನ್ನು ಮೊದಲನೇ ಚೀಲ ತರುವಾಗಲೇ ಆಡುತ್ತೇನೆ, ಉತ್ತರ ಬರುವವರೆಗೆ ಚೀಲವನ್ನು ಬಾಗಿಲಿಗೆ ಅಡ್ಡವಾಗಿಯೇ ಇಟ್ಟಿರುತ್ತೇನೆ.