ಕಲಾವಿದರ ಇಚ್ಛೆಯಂತೆ

ಎಲ್ಲ ಗೋಳಿಗೂ ಕಾರಣ ಒಂದು ಕಾಗದದ ಒಂದೇ ಸಾಲು.

ಶಹಾಬಾದಿನ ಟಾಕಿ ಓಣಿಯಲ್ಲಿ ನೀರಿನ ಟಾಕಿಯ ಸುತ್ತ ಹೊಸದಾಗಿ ಕಟ್ಟಿದ ಕಂಪೌಂಡ್ ಗೋಡೆಯ ಮೇಲೆ ಚಿತ್ರ ಬರೆಯಲು ಪೇಂಟರ್ ನಬೀಸಾಬನಿಗೆ ಸರಕಾರಿ ಆದೇಶ ಬಂದಿತ್ತು. ಗೋಡೆ ಅರವತ್ತು ಅಡಿ ಉದ್ದ ಎಂದಿತ್ತು. ಎಷ್ಟು ಡಬ್ಬಿ ಬಣ್ಣ ಎಂದಿತ್ತು. ಜಿಲ್ಲಾ ಕಚೇರಿಯ ಸಾಹೇಬರು ಬಂದು ನೋಡುವ ತಾರೀಖಿತ್ತು. 'ಚಿತ್ರದ ವಿಷಯ' ಎಂಬಲ್ಲಿ ಮಾತ್ರ 'ಕಲಾವಿದರ ಇಚ್ಛೆಯಂತೆ' ಎಂದು ಟೈಪು ಮಾಡಿದ್ದರು.

ಕಾಗದ ಬಂದ ದಿನ ನಬೀಸಾಬ ಅದನ್ನು ಮನೆಮನೆಗೆ ಒಯ್ದು ಓದಿ ತೋರಿಸಿದ್ದ. ಮೂವತ್ತೆರಡು ವರ್ಷದಿಂದ ಅವನು ಹೇಳುತ್ತ ಬಂದದ್ದು ಒಂದೇ ಮಾತು: "ನನಗ ಒಂದ್ ಗ್ವಾಡಿ ಕೊಟ್ಟು ಸುಮ್ಮ ಬಿಡ್ರಿ. ಆಮ್ಯಾಲ ನೋಡ್ರಿ ನಬೀಸಾಬ ಏನಂತ!" ಕಿರಾಣಿ ಅಂಗಡಿಯ ಬೋರ್ಡು ಬರೆಯುವಾಗಲೂ, ಲಾರಿಯ ಹಿಂದೆ ನಂಬರು ಬರೆಯುವಾಗಲೂ, ಮದುವೆ ಮನೆಯ ಬಾಗಿಲ ಮೇಲೆ ವಧೂವರರ ಹೆಸರು ಬರೆಯುವಾಗಲೂ ಇದನ್ನೇ ಹೇಳಿದ್ದ. ಕೇಳಿ ಕೇಳಿ ಓಣಿಯ ಮಂದಿಗೆ ಬಾಯಿಪಾಠವಾಗಿತ್ತು.

ಈಗ ಗೋಡೆ ಕೊಟ್ಟಿದ್ದರು. ಸುಮ್ಮನೂ ಬಿಟ್ಟಿದ್ದರು. ಬಿಟ್ಟು ಹತ್ತು ದಿನವಾಗಿತ್ತು. ಗೋಡೆ ಮಾತ್ರ ಆಗಷ್ಟೇ ಗಡ್ಡ ಬೋಳಿಸಿಕೊಂಡ ಮದುಮಗನ ಕೆನ್ನೆಯ ಹಾಗೆ ನುಣ್ಣಗೆ, ಬೆಳ್ಳಗೆ ನಿಂತಿತ್ತು. ಕೇಳಿದವರಿಗೆಲ್ಲ ನಬೀಸಾಬ "ಬೇಸ್ ಕೋಟ್ ಒಣಗಬೇಕು" ಎನ್ನುತ್ತಿದ್ದ. ಮೇ ತಿಂಗಳ ಶಹಾಬಾದಿನಲ್ಲಿ ಒದ್ದೆ ಟವೆಲು ಹಗ್ಗಕ್ಕೆ ಹಾಕಿ ಈಚೆ ತಿರುಗುವುದರೊಳಗೆ ಹಪ್ಪಳವಾಗುತ್ತದೆ. ಹಾಗಿರುವಾಗ ಹತ್ತು ದಿನ ಒಣಗುವ ಬಣ್ಣ ಯಾವುದೆಂದು ಜನ ಮೊದಮೊದಲು ಬೆರಗಾದರು, ಆಮೇಲೆ ನಗತೊಡಗಿದರು.

ನಿಜವೇನೆಂದರೆ ಅವನಿಗೆ ಏನೂ ಹೊಳೆಯುತ್ತಿರಲಿಲ್ಲ. ಗೋಡೆಯ ಮುಂದೆ ನಿಂತರೆ ತಲೆಯೂ ಗೋಡೆಯಷ್ಟೇ ಬೆಳ್ಳಗಾಗುತ್ತಿತ್ತು. ಅದರಿಂದ ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ಗೊತ್ತಾಗದೆ ಎಲ್ಲರ ಮೇಲೂ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಹೆಂಡತಿ ಹಸೀನಾಬೇಗಂ ಚಹಾದ ಕಪ್ಪು ಮುಂದಿಟ್ಟು, "ಏನ್ರೀ, ಇವತ್ತ ಸಾಯಂಕಾಲ ಸಾಹೇಬ್ರು ಬರ್ತಾರಂತಲ್ಲ. ಗ್ವಾಡಿ ಒಣಗ್ತೋ ಇಲ್ಲೋ?" ಎಂದಳು.

"ಒಣಗ್ಲಿಕತ್ತದ."

"ಏನೂ ಹೊಳೀವಲ್ದು ಅಂತ ಹೇಳಬಾರ್ದಾ? ಅದರಾಗ ನಾಚಿಕಿ ಏನದ? ಎರಡ್ ಗುಲಾಬಿ ಹೂ ಬರೀರಿ. ನಡಕ್ಕೊಂದು ಗಿಣಿ ಕುಂದರಸ್ರಿ."

ನಬೀಸಾಬನಿಗೆ ಚಹಾ ನೆತ್ತಿಗೇರಿತು. "ಟ್ರಂಕಿನ ಮ್ಯಾಲ ಗುಲಾಬಿ ಬರದು ಬರದು ಸಾಕಾಗ್ಯಾದ ನನಗ! ಇದು ಕಲಾ ಅದ, ಕಲಾ!"

"ಕಲಾದಾಗ ಗಿಣಿ ಇರಬಾರ್ದೇನು?"

ಉತ್ತರ ಕೊಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಊರಿನ ಗೋಡೆಗಳ ಉಸ್ತುವಾರಿ ನೋಡುತ್ತಿದ್ದ ಇಂಜಿನಿಯರ್ ರಾಧಿಕಾ ಮೇಡಂ. "ನಬೀಸಾಬ್, ನಾಕು ಗಂಟೆಕ್ಕ ಸಾಹೇಬ್ರು ಬರ್ತಾರ. ಗ್ವಾಡಿ ಹಿಂಗೇ ಖಾಲಿ ಇದ್ರ ನಾಳಿನೇ ಬ್ಯಾರೆಯವ್ರಿಗೆ ಕೊಡ್ತಾರ ನೋಡ್ರಿ. ಆಮ್ಯಾಲ ನನ್ನ ಅನಬ್ಯಾಡ್ರಿ."

ನಬೀಸಾಬ ಅರ್ಧ ಚಹಾ ಬಿಟ್ಟು, ಡಬ್ಬಿಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೊರಟ.

ಗೋಡೆಯ ಎದುರಿಗೇ ಆಶಾಬಿಯ ಮಿರ್ಚಿಭಜಿ ಬಂಡಿ. ಅರವತ್ತು ದಾಟಿದ ಆಶಾಬಿಗೆ ಭಜಿ ಕರಿಯುವುದು ಹೊಟ್ಟೆಪಾಡು, ಮಾತಾಡುವುದು ಕಸುಬು. ನಬೀಸಾಬ ಏಣಿ ಹಚ್ಚಿ, ಗಲ್ಲಕ್ಕೆ ಕೈಕೊಟ್ಟು ನಿಂತದ್ದನ್ನು ನೋಡಿ ಅಲ್ಲಿಂದಲೇ ಕೂಗಿದಳು.

"ನಬಿ ಭಾಯಿ, ನವಲ ಬರಿ! ನವಲ ಅಂದ್ರ ಎಲ್ಲಾರಿಗೂ ಪಸಂದ."

"ಆಪಾ, ನಿನ್ನ ಎಣ್ಣಿ ಹೊತ್ತಲಿಕತ್ತದ. ಅತ್ತ ನೋಡು."

ಹಾಗಂದನೇ ಹೊರತು, ನವಿಲಾದರೂ ನವಿಲೇ, ಏನಾದರೊಂದು ಶುರುವಾದರೆ ಸಾಕು ಎಂದು ಚಾಕ್‌ಪೀಸು ಎತ್ತಿಕೊಂಡ. ಕತ್ತು ಬಂತು. ಹೊಟ್ಟೆ ಬಂತು. ಗರಿಯ ಹತ್ತಿರ ಬರುವಾಗ ಕೈ ನಿಂತುಬಿಟ್ಟಿತು. ಆಶಾಬಿ ಭಜಿ ಎತ್ತುವ ಝಾರಾ ಹಿಡಿದುಕೊಂಡೇ ರಸ್ತೆ ದಾಟಿ ಬಂದು, ಕಣ್ಣು ಕಿರಿದು ಮಾಡಿ ನೋಡಿ, ಮೆಚ್ಚಿ ತಲೆದೂಗಿದಳು. "ಕೋಳಿ ಭಾಳ ಚೊಲೊ ಬಂದದ."

ನಬೀಸಾಬ ಹಲ್ಲು ಕಡಿದು, ಬಿಳಿ ಬಣ್ಣದಲ್ಲಿ ಬ್ರಶ್ ಅದ್ದಿ ಕೋಳಿಯನ್ನು ಮುಚ್ಚಿಹಾಕಿದ.

ಅಷ್ಟರಲ್ಲಿ ಅದೇ ಓಣಿಯ ಭಗವಂತರು ಬಂದರು. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ಈಗ ಗಾಡಿ ಇಲ್ಲದ್ದರಿಂದ ಓಣಿಯನ್ನೇ ಹೊತ್ತಿಗೆ ಸರಿಯಾಗಿ ಓಡಿಸಲು ನೋಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಛತ್ರಿ.

"ನಬೀಸಾಬ್, ರೈಲ್ ಬರೀರಿ. ಈ ಊರಿನ ಎದಿ ಮ್ಯಾಲ ಹಗಲು ರಾತ್ರಿ ಗಾಡಿ ಓಡ್ತಾವ. ರೈಲ್ ಬಿಟ್ಟು ಏನ್ ನವಲ?"

ಈ ಮಾತು ನಬೀಸಾಬನಿಗೆ ಅಷ್ಟು ತಪ್ಪೆನಿಸಲಿಲ್ಲ. ನೀಲಿ ಬಣ್ಣ ತೆಗೆದು ಇಂಜಿನ್ನು ಬರೆಯಹತ್ತಿದ. ಭಗವಂತರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ಬಫರ್ ಎಲ್ಲಿ? ಬಫರ್ ಇಲ್ದ ಗಾಡಿ ಪ್ಲ್ಯಾಟ್‌ಫಾರ್ಮ್ ಬಿಡಂಗಿಲ್ಲ."

ನಬೀಸಾಬ ಇಂಜಿನ್ನಿನ ಮೂತಿಗೆ ದುಂಡನೆಯ ಎರಡು ಬಫರ್ ಬರೆದ.

"ಗಾಲಿ ಎರಡು ಕಮ್ಮಿ ಅವ."

ಗಾಲಿ ಹೆಚ್ಚಿಸಿದ.

"ಹಿಂದ ಗಾರ್ಡನ ಡಬ್ಬಿ ಬೇಕ್ರಿ. ಗಾರ್ಡಗ ಮೀಸಿ ಇರ್ಲಿ. ನೀವು ಇದಕ್ಕ ಎಷ್ಟ್ ಡಬ್ಬಿ ಹಚ್ಚಾವ್ರಿದ್ದೀರಿ?"

"ನಿಮ್ಮ ಬಾಯಿಗಿ ಹಚ್ಚಾಕ ಎಷ್ಟ್ ಬೇಕೋ ಅಷ್ಟು!"

ಭಗವಂತರಿಗೆ ಅವಮಾನವಾಯಿತು. ಬೆವರು ಒರೆಸಿಕೊಳ್ಳುತ್ತ, ಉಸ್ಸೆಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಈಚೆ ಸರಿದಾಗ ಗೋಡೆಯ ಮೇಲಿದ್ದ ಹಸಿ ಇಂಜಿನ್ನು ಬಫರ್ ಸಮೇತ ಅವರ ಬೆನ್ನಿಗೆ ಬಂದಿತ್ತು.

"ಸರ, ಗಾಡಿ ನಿಮ್ಮ ಬೆನ್ನ ಮ್ಯಾಲ ಹೊಂಟದ!" ಎಂದು ಯಾರೋ ಕಿಸಕ್ಕನೆ ನಕ್ಕರು. ಮೂಲೆಯ ಮೊಬೈಲ್ ಅಂಗಡಿಯ ಸಾಯಿಕುಮಾರ. ಅವನ ಕೈಯಲ್ಲಿ ಫೋನಿತ್ತು, ಫೋನಿನ ಕಣ್ಣು ನಬೀಸಾಬನ ಮೇಲಿತ್ತು.

"ಈ ಅಂಗಿ ರಿಟೈರ್ ಆದ ದಿವಸ ಹೊಲಿಸಿದ್ದು!" ಭಗವಂತರು ಛತ್ರಿ ಎತ್ತಿದರು.

"ಗ್ವಾಡಿಗಿ ಒರಗ್ರಿ ಅಂತ ನಾ ಏನ್ ಅರ್ಜಿ ಕೊಟ್ಟಿದ್ದೆನೇನ್ರಿ?" ನಬೀಸಾಬ ಬ್ರಶ್ ಎತ್ತಿದ.

ಇಬ್ಬರ ನಡುವೆ ಬಂದು ಬಿಡಿಸಿದ್ದು ಅಂಗನವಾಡಿಯ ದ್ರೌಪದಿ ಟೀಚರ್. ಬಿಡಿಸಿದ್ದಕ್ಕೆ ನಬೀಸಾಬ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಆಕೆ, "ಕಾಕಾ, ನಾ ಒಂದ್ ಮಾತ್ ಹೇಳ್ಲಾ?" ಎಂದಳು.

"ಬ್ಯಾಡವ್ವಾ."

"ಕೈ ತೊಳಿಯೋದು ಬರೀರಿ. ಮಕ್ಕಳಿಗಿ ಉಪಯೋಗ ಆಗ್ತದ. ಹೆಂಗಂತ ತೋರಸ್ತೀನಿ ತಡೀರಿ." ಅವನ ಎರಡೂ ಕೈ ಎಳೆದುಕೊಂಡು ಅಂಗೈಗೆ ಅಂಗೈ ತಿಕ್ಕಿದಳು. ಬೆರಳಿನ ಸಂದು ತಿಕ್ಕಿದಳು. ಹೆಬ್ಬೆರಳು ತಿರುವಿದಳು. ಮಕ್ಕಳಿಗೆ ಹೇಳಿಕೊಟ್ಟ ಹಾಗೆ ರಾಗವಾಗಿ ಎಣಿಸುತ್ತ ಪೂರ್ತಿ ಮುಗಿಸಿದಾಗ ನಬೀಸಾಬನ ಕೈ ಮೊಣಕೈವರೆಗೆ ನೀಲಿಯಾಗಿತ್ತು. ಟೀಚರ್ ಕೈಯೂ ಅಷ್ಟೇ. "ಅಯ್ಯ, ಇದು ಹೋಗ್ತದೋ ಇಲ್ಲೋ?" ಎಂದು ಆಕೆ ಅವನನ್ನೇ ಗದರಿದಳು.

ಗಂಟೆ ಒಂದಾಯಿತು. ಉಳಿದ ಗಾಡಿಗೂ ಬಿಳಿ ಬಳಿದು ಗೋಡೆ ಮತ್ತೆ ಬೆಳ್ಳಗಾಗಿತ್ತು. ಬಿಸಿಲು ನೆತ್ತಿ ಸೀಳುತ್ತಿತ್ತು. ಸಾಯಿಕುಮಾರನ ದನಿ ಮಾತ್ರ ತಂಪಾಗಿತ್ತು.

"ಫ್ರೆಂಡ್ಸ್, ಟಾಕಿ ಓಣಿಯಿಂದ ಲೈವ್ ಬಂದೀನಿ. ಇವತ್ತ ಹತ್ತನೇ ದಿವಸ. ಚಾಚಾ ಇನ್ನಾ ವಿಚಾರ ಮಾಡ್ಲಿಕತ್ತಾರ. ಏನ್ ಬರೀಬೇಕು, ನೀವೇ ಕಮೆಂಟ್ ಹಾಕ್ರಿ." ಆಮೇಲೆ ಒಂದೊಂದೇ ಓದಿದ. "ಸೇಡಂದಾಗಿಂದ ಒಬ್ರು ಕೇಳ್ಲಿಕತ್ತಾರ, ಗ್ವಾಡಿ ಹಂಗೇ ಬೆಳ್ಳಗ ಚೊಲೊ ಕಾಣ್ತದ, ಪೇಂಟರ್ ಯಾಕ ಬೇಕು ಅಂತ. ಚಿಂಚೋಳಿಯವ್ರು ಒಬ್ರು ಬರದಾರ... ಚಾಚಾ, ಸಿಟ್ಟಾಗಬ್ಯಾಡ್ರಿ ಮತ್ತ... 'ಇವರಿಗಿ ಬರಂಗಿಲ್ಲ ಅನಸ್ತದ' ಅಂತ."

ನಬೀಸಾಬನ ತಲೆಯೊಳಗೆ ಏನೋ ಫಟ್ಟೆಂದಿತು.

"ನನಗ ಬರಂಗಿಲ್ಲ? ನನಗ?"

ಕರಿ ಡಬ್ಬಿಯ ಮುಚ್ಚಳ ಹಾರಿ ಗಟಾರಕ್ಕೆ ಬಿತ್ತು. ಇದ್ದುದರಲ್ಲೇ ಅಗಲವಾದ ಬ್ರಶ್ ಎತ್ತಿಕೊಂಡು ಗೋಡೆಗೆ ಹೊಡೆದ. ಬರೆದ ಎನ್ನುವುದಕ್ಕಿಂತ ಹೊಡೆದ ಎಂಬುದೇ ಸರಿ. ಚಾಕ್‌ಪೀಸಿಲ್ಲ, ಅಳತೆಯಿಲ್ಲ. ಬೈಗುಳ ಬಾಯಿಂದ ಬಂದಂತೆ ಗೆರೆ ಕೈಯಿಂದ ಬಂತು. ಮೊದಲು ಆಶಾಬಿ ಬಂದಳು. ಅವಳ ಬಾಯಿ ಭಜಿಯ ಕಡಾಯಿಯಷ್ಟು ಅಗಲ, ಅದರಿಂದ ಮಿರ್ಚಿಗಳು ಗುಂಡಿನ ಹಾಗೆ ಹಾರುತ್ತಿದ್ದವು. ಭಗವಂತರು ಬಂದರು, ಮೈಗಿಂತ ತೋರುಬೆರಳೇ ಉದ್ದ. ದ್ರೌಪದಿ ಟೀಚರಿಗೆ ಹತ್ತು ಕೈ, ಹತ್ತೂ ಕೈಯಲ್ಲಿ ಸಾಬೂನಿನ ನೊರೆ. ಸಾಯಿಕುಮಾರನಿಗೆ ಮುಖವೇ ಇಲ್ಲ, ಕತ್ತಿನ ಮೇಲೆ ಫೋನು. ಕೊನೆಗೆ ನಟ್ಟನಡುವೆ ತನ್ನನ್ನೇ ನಿಲ್ಲಿಸಿದ. ಎರಡೂ ಕಿವಿಗೆ ಬೆರಳು, ಹಲ್ಲಿನಲ್ಲಿ ಕಚ್ಚಿದ ಬ್ರಶ್, ಕೆಂಡದಂಥ ಎರಡು ಕೆಂಪು ಕಣ್ಣು.

ಏಣಿ ಇಳಿದಾಗ ಮೂರೂವರೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಗೋಡೆ ಈ ತುದಿಯಿಂದ ಆ ತುದಿಗೆ ತುಂಬಿತ್ತು. ಇಷ್ಟು ವರ್ಷದಲ್ಲಿ ತಾನು ಬರೆದ ಯಾವುದೂ ಹೀಗೆ ಉಸಿರಾಡಿರಲಿಲ್ಲ ಎಂದು ಅವನಿಗೇ ಗೊತ್ತಾಯಿತು. 'ಯಾ ಅಲ್ಲಾ, ಬಂತಲ್ಲ!' ಎಂದುಕೊಂಡ.

ಆಮೇಲೆ ಹಿಂದೆ ತಿರುಗಿದ. ನಾಲ್ವರೂ ಸಾಲಾಗಿ ನಿಂತಿದ್ದರು. ಗೋಡೆಯ ಮೇಲೆ ತಮ್ಮ ತಮ್ಮನ್ನು ಹುಡುಕುತ್ತಿದ್ದರು.

"ಇದು ನಾನಾ?" ಎಂದಳು ಆಶಾಬಿ. ಝಾರಾದ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಮಾನ ಕಳಿಯೋ ಕೇಸ್ ಹಾಕ್ತೀನಿ. ಚಿತ್ತಾಪುರ ಕೋರ್ಟ್‌ನಾಗ ನನ್ನ ಅಳಿಯ ವಕೀಲ ಇದ್ದಾನ!" ಎಂದರು ಭಗವಂತರು.

"ನನ್ನ ಮುಖ ಎಲ್ಲದ ಚಾಚಾ?" ಎಂದ ಸಾಯಿಕುಮಾರ ಅಳುದನಿಯಲ್ಲಿ.

ದ್ರೌಪದಿ ಟೀಚರ್ ಸೆರಗು ಸೊಂಟಕ್ಕೆ ಸಿಗಿಸಿದಳು. ನಬೀಸಾಬ ಏಣಿಯನ್ನು ಗುರಾಣಿಯ ಹಾಗೆ ಮುಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿಸಿತು.

ಸಾಹೇಬರು ಇಳಿದರು. ಹಿಂದೆ ಫೈಲು ಹಿಡಿದ ರಾಧಿಕಾ ಮೇಡಂ. ಗೋಡೆ ಕಂಡದ್ದೇ ಮೇಡಂ ಮುಖ ಬಿಳಿಚಿಕೊಂಡಿತು. ಸಾಹೇಬರು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದರು. ಮತ್ತೆ ವಾಪಸ್ಸು ಬಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದ್ಭುತ! ಏನ್ರೀ ಇದರ ವಿಷಯ?"

ನಬೀಸಾಬ 'ಸಿಟ್ಟು' ಎನ್ನಲು ಬಾಯಿ ತೆರೆದ. ಅದಕ್ಕೆ ಮೊದಲೇ ರಾಧಿಕಾ ಮೇಡಂ ಫೈಲು ಬಿಚ್ಚಿ, ಖಾಲಿ ಇದ್ದ ಒಂದು ಕಾಲಂ ನೋಡಿ, "ಸಾರ್ವಜನಿಕರ ಸಹಭಾಗಿತ್ವ, ಸರ್," ಎಂದರು.

"ಹೌದಾ! ಅಂದ್ರ ಚಿತ್ರದಾಗಿನವರು ಖರೇ ಮಂದಿನಾ?"

"ಇವರೇ ನಾಲ್ಕು ಮಂದಿ ಸರ್. ಬೆಳಿಗ್ಗೆಯಿಂದ ಇಲ್ಲೇ ನಿಂತು ಮಾರ್ಗದರ್ಶನ ಮಾಡ್ಯಾರ."

ಸಾಹೇಬರು ಒಬ್ಬೊಬ್ಬರ ಕೈ ಕುಲುಕಿದರು. ಭಗವಂತರ ಕೇಸು ಗಂಟಲಲ್ಲೇ ಕರಗಿತು. "ಏನಿಲ್ರಿ ಸರ, ತಾಂತ್ರಿಕ ಸಲಹಾ ಕೊಟ್ಟೀನಷ್ಟೇ," ಎಂದು ಬೆನ್ನು ಕಾಣದ ಹಾಗೆ ನಿಂತರು. ಆಶಾಬಿ ಸೆರಗು ತಲೆಗೆಳೆದುಕೊಂಡು, "ಮೊದಲ ಹೇಳಿದಾಕಿ ನಾನೇ ಸಾಹೇಬ್," ಎಂದಳು. ನಾಲ್ವರನ್ನೂ ಅವರವರ ಚಿತ್ರದ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದರು. ನಬೀಸಾಬನೂ ಬ್ರಶ್ ಹಿಡಿದು ಹೋಗಿ ನಿಂತ.

"ಪೇಂಟರ್, ಜರಾ ಬಾಜೂಕ ಸರೀರಿ," ಎಂದರು ಸಾಹೇಬರು. "ಫೋಟೊದಾಗ ಬರ್ಲಿಕತ್ತೀರಿ."

ಹೊರಡುವ ಮುಂಚೆ ಜೀಪಿನ ಬಾನೆಟ್ಟಿನ ಮೇಲೆಯೇ ಆದೇಶ ಬರೆಸಿದರು. ಚಿತ್ತಾಪುರದಲ್ಲಿ ಇನ್ನೂರು ಅಡಿಯ ಗೋಡೆ ಕಾದಿದೆ. ಅದೂ ನಬೀಸಾಬನಿಗೇ. ಆದರೆ ಇಂಥ ಒಳ್ಳೆ ಮಾರ್ಗದರ್ಶನ ಒಂದೇ ಗೋಡೆಗೆ ಮುಗಿಯಬಾರದು. ಆದ್ದರಿಂದ ಈ ನಾಲ್ವರನ್ನು ಕಲಾ ಸಲಹಾ ಸಮಿತಿಯಾಗಿ ನೇಮಿಸಲಾಗಿದೆ. ಶಹಾಬಾದಿನ ಗೋಡೆಯ ಅಂತಿಮ ತಿದ್ದುಪಡಿಯಿಂದ ಹಿಡಿದು ಮುಂದಿನ ಎಲ್ಲ ಕೆಲಸದಲ್ಲೂ ಸಮಿತಿಯ ನಾಲ್ಕು ಸಹಿ ಇಲ್ಲದೆ ಪೇಂಟರು ಬ್ರಶ್ ಅದ್ದುವಂತಿಲ್ಲ.

ಜೀಪು ಹೋಯಿತು. ಧೂಳು ಇಳಿಯುವ ಮೊದಲೇ ಆಶಾಬಿಯ ಬಂಡಿಯ ಬೆಂಚಿನ ಮೇಲೆ ಸಮಿತಿಯ ಮೊದಲ ಸಭೆ ಸೇರಿತು. ಬಿಸಿ ಭಜಿ ಬಂತು. ದ್ರೌಪದಿ ಟೀಚರ್ ಠರಾವು ಬರೆದುಕೊಂಡಳು. ಆಶಾಬಿಯ ಬಾಯಿ ಚಿಕ್ಕದು ಮಾಡುವುದು. ಭಗವಂತರ ಬೆರಳು ಮೊಟಕು ಮಾಡಿ ಹಸಿರು ಬಾವುಟ ಕೊಡುವುದು. ಟೀಚರಿಗೆ ಎರಡೇ ಕೈ. ಸಾಯಿಕುಮಾರನಿಗೆ ಮುಖ, ಆದಷ್ಟು ಬೆಳ್ಳಗೆ.

"ನಡಕ ನಿಂತಾನಲ್ಲ, ಕಿವ್ಯಾಗ ಬೆರಳ ಇಟ್ಕೊಂಡವ," ಎಂದರು ಭಗವಂತರು. "ಅವ ಯಾಕ ಬೇಕ್ರಿ ಇಲ್ಲಿ?"

"ಸಹಭಾಗಿತ್ವದಾಗ ಅವನ ಪಾಲೇನದ?" ಎಂದ ಸಾಯಿಕುಮಾರ. ಅವನನ್ನು ಅಳಿಸುವುದೆಂದು ನಾಲ್ವರೂ ಒಮ್ಮತದಿಂದ ಕೈಯೆತ್ತಿ ಸಹಿ ಹಾಕಿದರು. ಠರಾವು ನಬೀಸಾಬನ ಕೈಗೆ ಬಂತು. ಅವನು ಅದನ್ನೋದಿದ, ಸಮಿತಿಯನ್ನು ನೋಡಿದ, ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡು ಏಣಿ ಹತ್ತಿದ.

ಒಂದು ಕೋಟು ಹೊಡೆದ. ಮೈ ಹೋಯಿತು, ಕಿವಿ ಹೋಯಿತು, ಹಲ್ಲಿನಲ್ಲಿದ್ದ ಬ್ರಶ್ ಹೋಯಿತು. ಎರಡನೆಯ ಕೋಟು ಹೊಡೆದ. ಬಿಳುಪಿನ ಅಡಿಯಿಂದ ಆ ಎರಡು ಕೆಂಪು ಕಣ್ಣು ಮಾತ್ರ ಇನ್ನೂ ದುರುದುರು ನೋಡುತ್ತಲೇ ಇದ್ದವು.

ಕೆಳಗಿನಿಂದ ಆಶಾಬಿ ಭಜಿ ಅಗಿಯುತ್ತ ಕೂಗಿದಳು: "ನಬಿ ಭಾಯಿ, ಇನ್ನೊಂದ್ ಕೋಟ್ ಹೊಡಿ! ಇನ್ನಾ ನಮ್ಮನ್ನೇ ನೋಡ್ಲಿಕತ್ತಾನ ಅವ."