ಕಾಕಾನ ಮೂರು ಹಡಗು, ಕಾಕುವಿನ ಎರಡು ಪಾಟ್ಲಿ

ನಮ್ಮ ಕಾಕಾನಿಗೆ ಮೂರು ಹಡಗುಗಳಿದ್ದವು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ ಬಿಡಿ, ನಮ್ಮೂರು ಜಮಖಂಡಿಯವರೂ ನಂಬಿರಲಿಲ್ಲ! ಮನೆಯಲ್ಲಿದ್ದ ವಾಹನವೆಂದರೆ ಒಂದು ಸೈಕಲ್ಲು, ಅದಕ್ಕೂ ಹಿಂದಿನ ಬ್ರೇಕಿರಲಿಲ್ಲ. ಅವನಿಗೆ ಈಜು ಬಾರದು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವನಲ್ಲ. ಮಳೆ ಬಂದು ಓಣಿಯ ಗಟಾರ ಉಕ್ಕಿದರೆ, ಯಾರಾದರೂ ಎರಡು ಕಲ್ಲು ತಂದಿಡುವವರೆಗೆ ಧೋತರ ಎತ್ತಿ ಹಿಡಿದು ಕಟ್ಟೆಯ ಮೇಲೆಯೇ ನಿಂತಿರುತ್ತಿದ್ದ. ಅಂಥವನನ್ನು ಪೇಟೆಯಲ್ಲಿ ಯಾರಾದರೂ "ಆರಾಮ ಏನ್ರಿ?" ಅಂತ ಕೇಳಿದರೆ ಉತ್ತರ ಏನು ಗೊತ್ತೇ? "ಒಂದು ನಡದೈತ್ರಿ, ಎರಡು ರಿಪೇರಿಗೆ ನಿಂತಾವು!" ಕೇಳಿದವರು ಇದು ಮೊಣಕಾಲಿನ ಮಾತಿರಬೇಕೆಂದು ತಿಳಿದು ಯಾವುದೋ ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು.

ಹಡಗಿನ ಕಥೆಗೆ ಮೊದಲು ಎತ್ತಿನ ಕಥೆ ಹೇಳಬೇಕು. ಕಾಕಾ ಹೊಟ್ಟೆಪಾಡಿಗೆ ಕೋರ್ಟಿನಲ್ಲಿ ಗುಮಾಸ್ತ. ಆದರೆ ಹೆಸರು ಮಾಡಿದ್ದು ದನದ ಸಂತೆಯಲ್ಲಿ. ರನ್ನ ಬೆಳಗಲಿಯ ರೈತರು ಬಂದು "ಸಾಹೇಬ್ರ, ಎತ್ತು ತಗೊಳ್ಳೂದೈತಿ, ಒಂದೀಟು ಬರ್ರಿ" ಅಂತ ಅವನನ್ನು ಮುಧೋಳದ ಸಂತೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಕಾಕಾನ ಪರೀಕ್ಷೆ ನೋಡಬೇಕು! ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವುದು. ಆಮೇಲೆ ಮೈಮೇಲಿನ ಸುಳಿ ಹುಡುಕುವುದು. ಆಮೇಲೆ ಹತ್ತು ಹೆಜ್ಜೆ ನಡೆಸಿ ನೋಡುವುದು. ಎಲ್ಲ ಮುಗಿದ ಮೇಲೆ ಹೆಗಲ ಮೇಲಿನ ಟವೆಲ್ಲು ಇಳಿಯುತ್ತಿತ್ತು. ಮಾರುವವನ ಕೈ, ಕೊಳ್ಳುವವನ ಕೈ ಎರಡೂ ಅದರ ಕೆಳಗೆ. ಬೆರಳು ಒತ್ತಿ ಬೆಲೆ ಹೇಳಬೇಕು, ಬೆರಳು ಒತ್ತಿಯೇ ಚೌಕಾಸಿ ಮಾಡಬೇಕು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯಬಾರದು. "ಕೈ ಬಿಡೂತನಕ ಮಾತು ಮುಗದಿಲ್ಲಂತ ಅರ್ಥ" ಎನ್ನುವುದು ಕಾಕಾನ ಕಾನೂನು. ಹಗಲೆಲ್ಲ ಕೋರ್ಟಿನಲ್ಲಿದ್ದರೂ ಅವನು ಪಾಲಿಸಿದ ಕಾನೂನು ಇದೊಂದೇ.

ಇಂಥವನ ಕೈಗೆ ಒಂದು ದಿನ ಹೊಳೆಯುವ ಪುಸ್ತಕವೊಂದು ಬಂತು. ತಂದವರು ಅವನ ಗೆಳೆಯ, ಬನಹಟ್ಟಿಯ ಸೀರೆ ಸಾವಕಾರರು. ನೂಲಿಗೆ ಬಣ್ಣ ತರಲು ಮುಂಬಯಿಗೆ ಹೋದಾಗ ಯಾರೋ ಕೊಟ್ಟಿದ್ದರಂತೆ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ದಡಕ್ಕೆ ತರುವುದು, ಕೆಟ್ಟು ನಿಂತವನ್ನು ರಿಪೇರಿ ಮಾಡುವುದು, ಮುಳುಗಿದವನ್ನು ಎತ್ತುವುದು, ಹೀಗೆ ಸಮುದ್ರದ ಚಾಕರಿ ಮಾಡುವ ಕಂಪನಿ. ಇರುವುದು ಮೂರು ಎಳೆಯುವ ಹಡಗು. ಶೇರು ತಗೊಳ್ಳುವವರು ತಗೊಳ್ಳಬಹುದು. ಮುಖಪುಟದಲ್ಲಿ ಒಂದು ಪುಟ್ಟ ಹಡಗು ತನ್ನ ಹತ್ತು ಪಟ್ಟು ದೊಡ್ಡ ಹಡಗನ್ನು ಹಗ್ಗ ಕಟ್ಟಿ ಎಳೆಯುತ್ತಿತ್ತು. ಕಾಕಾ ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಅಡ್ಡ ಹಿಡಿದು ನೋಡಿದ.

"ಸಾವಕಾರ್ರ, ಸಣ್ಣ ಮೈ, ಅಗಲ ಎದಿ, ತಗ್ಗಿದ ಕುತಗಿ! ಇದು ಖರೆ ಖಿಲಾರಿ ತಳಿ ನೋಡ್ರಿ!"

ಖಿಲಾರಿ ಎಂದರೆ ನಮ್ಮ ಕಡೆಯ ಗಟ್ಟಿ ಎತ್ತು. ಹಡಗಿಗೆ ಆ ತಳಿಯ ಹೆಸರಿಟ್ಟವನು ಪ್ರಪಂಚದಲ್ಲಿ ನಮ್ಮ ಕಾಕಾ ಒಬ್ಬನೇ ಇರಬೇಕು.

ಶೇರಿಗೆ ದುಡ್ಡೆಲ್ಲಿಂದ ಬರಬೇಕು? ಅವನ ಹೆಂಡತಿ, ನಮ್ಮ ಕಾಕುವಿನ ಕೈಯಲ್ಲಿ ತವರಿನ ಎರಡು ಪಾಟ್ಲಿ, ಅಂದರೆ ಅಗಲವಾದ ಬಂಗಾರದ ಬಳೆ, ಇದ್ದವು. "ಎರಡು ವರ್ಷ ತಡಿ, ಎರಡರ ಜಾಗಾದಾಗ ನಾಕು ಹಾಕಸ್ತೀನಿ" ಎಂದ. ಕಾಕು ಸಾಬೂನು ಹಚ್ಚಿ ಪಾಟ್ಲಿ ಜಾರಿಸುತ್ತ ಒಂದೇ ಪ್ರಶ್ನೆ ಕೇಳಿದಳು. "ಹಡಗು ನೀರಾಗ ಇರ್ತಾವು. ಮುಳಗಂಗಿಲ್ಲ ಹೌದಲ್ರೀ?"

"ಹುಚ್ಚಿ! ಮುಳಗಿದ್ದನ್ನ ಎತ್ತೂದ ಈ ಕಂಪನಿ ಕೆಲಸ. ಇದು ಹೆಂಗ ಮುಳಗತೈತಿ?"

ಪಾಟ್ಲಿ ಹೋಗಿ ಶೇರಾದವು. ಸಾವಕಾರರೂ ಶೇರು ತಗೊಂಡರು. ಸುದ್ದಿ ಕೇಳಿ ತೇರದಾಳದಿಂದ ಬಂದ ರಿಟೈರಾದ ಹೆಡ್ಮಾಸ್ತರರೂ ತಗೊಂಡರು. ಸಮುದ್ರದಿಂದ ನೂರಾರು ಮೈಲಿ ದೂರದ ನಮ್ಮ ಸೀಮೆಯಲ್ಲಿ ಮೂವರು ಹಡಗಿನ ಮಾಲಕರು ಹುಟ್ಟಿದ್ದು ಹೀಗೆ.

ಎರಡು ವರ್ಷ ಹೋಯಿತು, ನಾಲ್ಕು ಹೋಯಿತು. ಲಾಭ ಬರಲಿಲ್ಲ. ಬರುತ್ತಿದ್ದದ್ದು ವರ್ಷಕ್ಕೊಂದು ವರದಿ ಪುಸ್ತಕ. ಅದು ಬಂದ ಭಾನುವಾರ ಮೂವರೂ ನಮ್ಮ ಕಟ್ಟೆಯ ಮೇಲೆ ಸೇರಿ, ಚುರುಮುರಿ ತಿನ್ನುತ್ತ, ಕಂಪನಿ ಸುಧಾರಿಸುತ್ತದೋ ಇಲ್ಲವೋ ಎಂದು ವಿಚಾರ ಮಾಡುತ್ತಿದ್ದರು. ಹೆಡ್ಮಾಸ್ತರರು ಇಂಗ್ಲಿಷ್ ಓದಿ ಅರ್ಥ ಹೇಳುವರು.

"ಬರೂ ವರ್ಷ ಪರಿಸ್ಥಿತಿ ಸುಧಾರಿಸೂ ಲಕ್ಷಣ ಅದಾವು ಅಂತ ಬರದಾರ."

ಸಾವಕಾರರು ಚುರುಮುರಿ ಅಗಿಯುವುದನ್ನು ನಿಲ್ಲಿಸಿದರು. "ಸರ, ಹೋದ ವರ್ಷನೂ ಇದನ್ನ ಓದಿದ್ರಲ್ರಿ?"

ಹೆಡ್ಮಾಸ್ತರರು ಕನ್ನಡಕ ಸರಿಸಿ ಮುಖಪುಟ ನೋಡಿದರು. "ಹೌದಲ್ರೀ! ಹೋದ ವರ್ಷದ್ದ ಓದಾಕತ್ತೀನಿ. ಈ ವರ್ಷದ್ದು ಎಲ್ಲೈತಿ?" ಹುಡುಕಿ ತೆಗೆದರು. ಅದರಲ್ಲೂ ಅಕ್ಷರಕ್ಕೆ ಅಕ್ಷರ ಅದೇ ಇತ್ತು!

ಕಾಕಾನಿಗೆ ಈ ಓದಿನ ಗೊಡವೆಯೇ ಇಲ್ಲ. ಅವನು ನೋಡುತ್ತಿದ್ದದ್ದು ಎರಡನೇ ಪುಟದ ದೊಡ್ಡ ಸಾಹೇಬನ ಫೋಟೋ. ಮೊದಲ ವರ್ಷ ಸಾಹೇಬ ಬಾಯಿ ತುಂಬ ನಗುತ್ತಿದ್ದ. "ಎಂಟು ಹಲ್ಲು" ಎಂದು ಕಾಕಾ ಎಣಿಸಿ ಬರೆದಿಟ್ಟ. ಮರುವರ್ಷ ಆರು. ಅದರ ಮುಂದಿನ ವರ್ಷ ನಾಲ್ಕು. ಆಮೇಲೆ ಎರಡು. ಐದನೇ ವರ್ಷ ಸಾಹೇಬ ಬಾಯಿ ಮುಚ್ಚಿ ಕೂತಿದ್ದ. ಕಾಕಾ ಪುಸ್ತಕ ಮಡಚಿ ಇಟ್ಟ. "ಆತು. ಏನೋ ಮುಚ್ಚಿಟ್ಟಾನ. ಹಲ್ಲು ತೋರಸದ ಎತ್ತು ನಂಬಬಾರದ್ರೀ." ಚಹಾ ತಂದ ಕಾಕು, "ನಿಮ್ಮ ಹಡಗಿಗೆ ಇನ್ನೂ ಎಷ್ಟು ಚಹಾ ಕುಡಸಬೇಕ್ರೀ?" ಎಂದು ಕಪ್ಪು ಕುಕ್ಕಿ ಒಳಗೆ ಹೋದಳು. ಬರಿಗೈ. ಸೆರಗಿನಲ್ಲಿ ಮಣಿಕಟ್ಟು ಮುಚ್ಚಿಕೊಳ್ಳುವುದು ಅವಳಿಗೆ ಅಷ್ಟೊತ್ತಿಗೆ ರೂಢಿಯಾಗಿತ್ತು. ನೆಂಟರ ಮದುವೆಗೆ ಕರೆ ಬಂದರೆ ತಲೆನೋವು ಎನ್ನುತ್ತಿದ್ದಳು.

ಪುಸ್ತಕದಿಂದ ಆಗದ್ದು ನೀರಿನಿಂದ ಆದೀತೆಂದು ಕಾಕಾ ಒಂದು ದಿನ ಇಬ್ಬರನ್ನೂ ಹೊಳೆ ದಂಡೆಯ ಅನಗವಾಡಿಗೆ ಹೊರಡಿಸಿದ. ಸಣ್ಣ ದೋಣಿ ದೊಡ್ಡದನ್ನು ಎಳೆಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕಂತೆ! ಅಲ್ಲಿನ ಅಂಬಿಗನನ್ನು ಒಪ್ಪಿಸಿ, ಒಂದು ದೋಣಿಗೆ ಇನ್ನೊಂದನ್ನು ಹಗ್ಗದಿಂದ ಕಟ್ಟಿಸಿ, ಹಿಂದಿನದರಲ್ಲಿ ಭಾರಕ್ಕೆಂದು ಸಾವಕಾರರನ್ನು ಕೂರಿಸಿದ. ಹೆಡ್ಮಾಸ್ತರರು ದಡದಲ್ಲಿ ಗಡಿಯಾರ ಹಿಡಿದು ನಿಂತರು. ದೋಣಿ ಹೊರಟಿತು, ಹಗ್ಗವೂ ಹೊರಟಿತು. ಹಗ್ಗದ ಸುರುಳಿಯಲ್ಲಿ ಕಾಲಿಟ್ಟಿದ್ದ ಹೆಡ್ಮಾಸ್ತರರೂ ಹೊರಟರು! ಮೊಣಕಾಲುದ್ದದ ನೀರಿನಲ್ಲಿ ಕೂತೇ ಅವರು ಗಡಿಯಾರ ನೋಡಿ ಟೈಮು ಹೇಳಿದರು. ಶಿಸ್ತು ಅಂದರೆ ಅದು.

ಅಂಬಿಗ ಬೀಡಿ ಹಚ್ಚುತ್ತ ಕೇಳಿದ. "ಸಾಹೇಬ್ರ, ನಿಮ್ಮ ಕಂಪನಿಗೆ ಎಷ್ಟು ಹಡಗು?"

"ಮೂರು."

"ದುಡಿಯೂದು?"

"ಸದ್ಯಕ್ಕ ಒಂದು."

"ಆಫೀಸಿನ್ಯಾಗ ಮಂದಿ?"

"ನೂರರ ಮ್ಯಾಲೆ ಅದಾರ."

ಅಂಬಿಗ ಹೊಗೆ ಬಿಟ್ಟ. "ಒಂದು ಹಡಗಿನ್ಯಾಗ ಅಷ್ಟು ಮಂದಿ ಕುಂತ್ರ ಮುಳಗತೈತಲ್ರಿ ಮತ್ತ!"

ಐದು ವರ್ಷ ಕಟ್ಟೆಯ ಮೇಲೆ ಕೂತು ಮೂವರೂ ಕಂಡುಹಿಡಿಯಲಾಗದ್ದನ್ನು ಅವನು ಒಂದು ಬೀಡಿ ಮುಗಿಯುವುದರೊಳಗೆ ಹೇಳಿದ್ದ.  ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದ್ದು ಹೆಡ್ಮಾಸ್ತರರ ಧೋತರದಿಂದ ನೀರು ಸೋರುವ ಸದ್ದಷ್ಟೇ.

ಮುಂದೆ ಕೆಲವೇ ದಿನಕ್ಕೆ ಕಂಪನಿಯ ಕಾಗದ ಬಂತು. ಬಾಯಿ ಮುಚ್ಚಿದ ಸಾಹೇಬ ಬಿಟ್ಟು ಹೋಗಿದ್ದ. ಹೊಸ ಮ್ಯಾನೇಜರನೊಬ್ಬ ಬಂದಿದ್ದ. ಎರಡು ವರ್ಷ ತಡೆದುಕೊಳ್ಳಿ, ನಿಂತ ಹಡಗು ನಡೆಸಿ ತೋರಿಸುತ್ತೇನೆ ಅನ್ನುವುದು ಅವನ ಮಾತು. ಅಷ್ಟರಲ್ಲಿ ಗುಜರಿ ವ್ಯಾಪಾರಿಯೊಬ್ಬ, ಶೇರುಗಳನ್ನೆಲ್ಲ ನನಗೆ ಕೊಡಿ, ಹಡಗು ಒಡೆದು ಕಬ್ಬಿಣ ಮಾರಿಕೊಳ್ಳುತ್ತೇನೆ ಎಂದು ಒಂದು ಬೆಲೆ ಹೇಳಿದ್ದ. ಮಾರುವವರು ಮುಂಬಯಿಯಲ್ಲಿ ನಡೆಯುವ ಶೇರುದಾರರ ಸಭೆಯ ದಿನವೇ ಸಹಿ ಹಾಕಬೇಕು. ಕಾಕು ಬೆರಳು ಮಡಚಿ ನೋಡಿದಳು. ಆ ಬೆಲೆಗೆ ಕೊಟ್ಟರೆ, ಮೊದಲಿನಷ್ಟು ದಪ್ಪ ಇಲ್ಲದಿದ್ದರೂ, ಎರಡು ಪಾಟ್ಲಿ ವಾಪಸ್ಸು ಬರುತ್ತಿದ್ದವು.

"ನಾನೂ ಬರ್ತೀನ್ರಿ" ಎಂದಳು. "ನನ್ನ ಪಾಟ್ಲಿ ಎಲ್ಲಿ ತೇಲಾಕತ್ತಾವು, ಒಮ್ಮಿ ಕಣ್ಣಿಲೆ ನೋಡಬೇಕು."

ಹಾಗೆ ಕುಡಚಿಯಲ್ಲಿ ರೈಲು ಹತ್ತಿದ್ದು ಐದು ಜನ. ಐದನೆಯವಳು ನಾನು, ಕಾಕಾನ ಅಣ್ಣನ ಮಗಳು. ಆಗಷ್ಟೇ ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿದ್ದೆ. ಮುಂಬಯಿಯಲ್ಲಿ ಮಾತಾಡಲು ಒಬ್ಬರು ಬೇಕಲ್ಲ!

ಸಭೆಯಲ್ಲಿ ಮ್ಯಾನೇಜರ ಗೋಡೆಗೆ ನಕ್ಷೆ ತೂಗುಹಾಕಿ ಗೆರೆ ಮೇಲೇರುವುದನ್ನು ತೋರಿಸುತ್ತಿದ್ದ. ಕಾಕಾ ನಡುವೆಯೇ ಎದ್ದು ನಿಂತ. "ತಂಗೀ, ಅವಗ ಹೇಳು. ಗ್ವಾಡಿಗೆ ಕಟ್ಟಿದ ಎತ್ತು ನಾವು ತಗೊಳ್ಳಂಗಿಲ್ಲ. ಹತ್ತು ಹೆಜ್ಜಿ ನಡಿಸಿ ತೋರಸಂತ ಹೇಳು." ನಾನು ನಾಚಿಕೆಯಿಂದ ಸತ್ತು, ಬದುಕಿ, ಹಿಂದಿಯಲ್ಲಿ ಹೇಳಿದೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ನಗದವನು ಮ್ಯಾನೇಜರ ಒಬ್ಬನೇ. ಕೋಟು ತೆಗೆದಿಟ್ಟು, "ಚಲಿಯೇ" ಎಂದು ನಮ್ಮನ್ನು ಬಂದರಿಗೆ ಕರೆದುಕೊಂಡು ಹೋದ. ಗುಜರಿಯವನ ಏಜೆಂಟನೂ ಫಾರ್ಮು, ಪೆನ್ನು ಹಿಡಿದು ಹಿಂದೆಯೇ ಬಂದ.

ಬಂದರಿನ ಕಟ್ಟೆಯ ಮೇಲೆ ಕಾಕಾನ ಟವೆಲ್ಲು ಹೆಗಲಿಂದ ಇಳಿಯಿತು.  ನಾನು ತಡೆಯುವುದರೊಳಗೆ ಮ್ಯಾನೇಜರನ ಕೈ ಅದರ ಕೆಳಗೆ ಹೋಗಿಯಾಗಿತ್ತು! ಪಾಪ, ಅವನು "ಅರೇ ಭಾಯಿಸಾಬ್, ಯೇ ಕ್ಯಾ ಹೈ?" ಎನ್ನುತ್ತ ಹೌಹಾರಿ ನಿಂತ. ಕಾಕಾ ಒಂದೊಂದೇ ಬೆರಳು ಒತ್ತಿ, ಅಂಗೈ ಸವರಿ, ಕೈ ಬಿಟ್ಟು ನಮ್ಮ ಕಡೆ ತಿರುಗಿದ. "ಅಂಗೈ ತುಂಬ ಜಡ್ಡುಗಟ್ಟೇತಿ. ಉಗರಾಗ ಗ್ರೀಸ್ ಐತಿ. ಈ ಮನಿಷಾ ಹಡಗಿನ ಕೆಳಗ ಮಲಗಿ ರಿಪೇರಿ ಮಾಡ್ಯಾನ. ಸುಧಾರಿಸಬಹುದ್ರೀ." ನಂಬಿದರೆ ನಂಬಿ, ಐದು ವರ್ಷದ ವರದಿಗಳಲ್ಲಿ ಇಷ್ಟು ಖಚಿತ ಮಾಹಿತಿ ಇರಲಿಲ್ಲ. ಸಾವಕಾರರು ಮಾತ್ರ "ಜಡ್ಡಿಗೆ ಬಡ್ಡಿ ಬರಂಗಿಲ್ರೀ" ಎಂದು ಏಜೆಂಟನ ಪೆನ್ನು ಇಸಿದುಕೊಂಡು ಸಹಿ ಹಾಕಿಬಿಟ್ಟರು. ಹೆಡ್ಮಾಸ್ತರರೂ ಹಾಕಿದರು. ಏಜೆಂಟ ಪೆನ್ನು ಕಾಕಾನ ಕಡೆ ಚಾಚಿದ.

ಅಷ್ಟರಲ್ಲಿ ಅದು ಬಂತು. ನಮ್ಮ ಮೂರರಲ್ಲಿ ನಡೆಯುತ್ತಿದ್ದ ಒಂದು. ಬಣ್ಣ ಹೋಗಿತ್ತು, ತುಕ್ಕು ಹಿಡಿದಿತ್ತು, ಕೆಮ್ಮುತ್ತ ಹೊಗೆ ಬಿಡುತ್ತಿತ್ತು. ಹಿಂದೆ ಓಣಿಯಷ್ಟು ಉದ್ದದ ಹಡಗು, ಮುಂದೆ ಇದು, ನಡುವೆ ಹಗ್ಗ. ಎಳೆಯುತ್ತಲೇ ಇತ್ತು. ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುತ್ತಿದ್ದ ಕಾಕು ಸಮುದ್ರವನ್ನು ಬಿಟ್ಟು ಅದನ್ನೇ ನೋಡಿದಳು. "ಇದ ಏನ್ರೀ ನನ್ನ ಪಾಟ್ಲಿ?" ಎಂದಳು. ಕಾಕಾ ತಲೆಯಾಡಿಸಿದ.

ಏಜೆಂಟ "ಜಲ್ದಿ ಕೀಜಿಯೇ" ಎಂದ. ಕಾಕಾ ಹಡಗನ್ನು ನೋಡಿದ, ಫಾರ್ಮು ನೋಡಿದ, ಕಾಕುವಿನ ಬರಿಯ ಮಣಿಕಟ್ಟು ನೋಡಿದ. ಇಷ್ಟು ಜನರೆದುರು ಹೆಂಡತಿಯನ್ನು ಕೇಳುವುದು ಹೇಗೆ? ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಟವೆಲ್ಲು ಮತ್ತೆ ಇಳಿಯಿತು, ಕಾಕುವಿನ ಕೈ ಅದರ ಕೆಳಗೆ ಹೋಯಿತು. ಸಂತೆಯಲ್ಲಿ ಹೆಂಗಸಿನ ಕೈ ಎಂದಾದರೂ ಟವೆಲ್ಲಿನ ಕೆಳಗೆ ಹೋದದ್ದುಂಟೇ! ಸಾವಕಾರರು ನಾಚಿ ಅತ್ತ ತಿರುಗಿದರು. ನಿಮಿಷ ಒಂದಾಯಿತು, ಐದಾಯಿತು. ಹಡಗು ನಮ್ಮನ್ನು ದಾಟಿ ಹೋಯಿತು. ಕೊನೆಗೆ ಕಾಕಾ ಎಡಗೈಯಿಂದ ಪೆನ್ನು ಸರಿಸಿದ. "ತಂಗೀ, ಮಾರೂದಿಲ್ಲಂತ ಹೇಳು."

ಮುಂದೆ ಏನಾಯಿತು ಅಂತೀರಾ? ಮ್ಯಾನೇಜರ ಮಾತಿಗೆ ತಪ್ಪಲಿಲ್ಲ, ಎರಡನೇ ಹಡಗೂ ನಡೆಯಿತು. ಲಾಭದ ಚೆಕ್ಕೂ ಬಂತು! ಅದರಲ್ಲಿ ಜಮಖಂಡಿಯ ಪೇಟೆಯಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ ಬಂದವು, ಮೇಲೆ ಒಂದು ಚಹಾ. ಕಾಕು ಅವನ್ನು ತೊಟ್ಟುಕೊಂಡು ಓಣಿಯಲ್ಲೆಲ್ಲ "ಹಡಗಿನ ಬಳಿ" ಅಂತ ತೋರಿಸಿ ಬಂದಳು. ನೆಂಟರ ಮದುವೆಗಳಿಗೆ ಮತ್ತೆ ಹೊರಟಳು. ಅದೇ ಮೊದಲ ಚೆಕ್ಕು, ಅದೇ ಕೊನೆಯದು. ಮರುವರ್ಷ ಎಂಜಿನ್ನುಗಳು ಕೈಕೊಟ್ಟವು, ಕಂಪನಿ ಬಾಗಿಲು ಮುಚ್ಚಿತು. ಮುಳುಗಿದ್ದನ್ನು ಎತ್ತುವ ಕಂಪನಿಯನ್ನು ಎತ್ತುವವರು ಯಾರೂ ಇರಲಿಲ್ಲ. ಕಾಕು ಪಾಟ್ಲಿಯ ಹೆಸರೆತ್ತಿ ಒಂದು ಮಾತೂ ಆಡಲಿಲ್ಲ. ಅದು ನನಗೆ ಬಹಳ ದಿನ ಸೋಜಿಗವಾಗಿತ್ತು.

ಹೋದ ವರ್ಷ ಕಾಕು ತೀರಿಕೊಂಡಳು, ಕೈಯಲ್ಲಿ ಅವೇ ಹಸಿರು ಬಳೆ. ಹದಿನೈದು ದಿನ ಕಳೆದ ಮೇಲೆ ಹೋದೆ. ಕಾಕಾ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ, ಟವೆಲ್ಲು ಮಡಚಿ ತೊಡೆಯ ಮೇಲಿತ್ತು. ಏನು ಮಾತಾಡಬೇಕೋ ತಿಳಿಯದೆ, ಇಷ್ಟು ವರ್ಷ ಕೇಳದೇ ಉಳಿದದ್ದನ್ನು ಕೇಳಿಬಿಟ್ಟೆ. "ಕಾಕಾ, ಅವತ್ತು ಬಂದರದಾಗ ಕಾಕು ಟವೆಲ್ ಕೆಳಗ ಏನು ಹೇಳಿದ್ಲು? ಮಾರಬ್ಯಾಡ ಅಂದ್ಲೇನು?"

"ಆಕೀಗೆ ಎಲ್ಲಿ ಬರ್ತಿತ್ತು ಬೆರಳ ಭಾಷಾ?" ಎಂದ ಕಾಕಾ. "ನಾನರೆ ಮಾರೂದಂತ ಗಟ್ಟಿ ಮಾಡಿದ್ದೆ. ಪಾಟ್ಲಿ ಹೊಳ್ಳಿ ಹಾಕಸಬೇಕಂತ. ಸಾಕೇನು ಈ ಬೆಲಿ ಅಂತ ಬೆರಳು ಒತ್ತಿ ಕೇಳಿದೆ. ಆಕಿ ಏನೂ ಹೇಳಲಿಲ್ಲ. ಸುಮ್ನ ಗಟ್ಟಿ ಹಿಡಕೊಂಡು ನಿಂತ್ಲು. ಲಗ್ನ ಆಗಿ ಮೂವತ್ತು ವರ್ಷ ಆಗಿತ್ತವಾ, ಮಂದ್ಯಾಗ ಆಕಿ ಕೈ ಹಿಡದದ್ದು ಅದೊಂದ ಸಲ."

ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚಿದ.

"ಸಹಿ ಮಾಡಾಕ ಬಲಗೈ ಬೇಕಲ್ಲ ತಂಗೀ. ಬಲಗೈ ಆಕಿ ಹಿಡದಿದ್ಲು."