ನಮ್ಮತ್ತೆಯ ಉಂಗುರ ತೊಳೆದ ಯಂತ್ರ ಮಹಾಶಯರಿಗೆ

ಶುಭ್ರತೆಯೇ ಮೈವೆತ್ತು ಬಂದಂತಿರುವವರೂ, ನೀಲಿ ದೀಪದ ಒಡೆಯರೂ, ಗುಂಡಿ ಒತ್ತಿದೊಡನೆ ಗುಂಯ್ ಎಂದು ಸೇವೆಗೆ ನಿಲ್ಲುವವರೂ ಆದ, ಮನೆಯಲ್ಲೇ ವಜ್ರದೊಡವೆ ತೊಳೆಯುವ ಯಂತ್ರ ಮಹಾಶಯರ ಸನ್ನಿಧಿಗೆ ಸೂರತ್ತಿನ ವರಾಛಾ ರಸ್ತೆಯ ಲಾಭುಬೆನ್ ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ,

ತಾವು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕ್ಷೇಮವಾಗಿರುವುದನ್ನು ಹೋಗುತ್ತ ಬರುತ್ತ ನೋಡುತ್ತಲೇ ಇದ್ದೇನೆ. ನಾವೂ ಕ್ಷೇಮ, ಹೊಟ್ಟೆಯೊಳಗಿನ ವಿಚಾರವೊಂದನ್ನು ಬಿಟ್ಟರೆ. ಅದಕ್ಕೆ ಆಮೇಲೆ ಬರುತ್ತೇನೆ. ದೊಡ್ಡವರೊಡನೆ ಮಾತಾಡುವಾಗ ನೇರವಾಗಿ ಹೊಟ್ಟೆಯಿಂದ ಶುರುಮಾಡುವುದು ಮರ್ಯಾದೆಯಲ್ಲ.

ತಾವಾಗಿಯೇ ನಮ್ಮ ಮನೆ ಹುಡುಕಿಕೊಂಡು ಬಂದವರಲ್ಲವೆಂಬುದು ನನಗೆ ಗೊತ್ತು. ನಮ್ಮ ಮಗಳು ಜಲ್ಪಾಳನ್ನು ನೋಡಲು ಬಂದಿದ್ದ ಶೋಭನಾಬೆನ್, ಅಂದರೆ ಹುಡುಗನ ತಾಯಿ, ದೊಡ್ಡದೊಂದು ವಜ್ರದ ಕಾರ್ಖಾನೆಯ ಒಡತಿ, ನಮ್ಮತ್ತೆ, ಎಲ್ಲರಿಗೂ 'ಬಾ' ಅಂದರೆ ಅಮ್ಮ ಆಗಿರುವ ಸಂತೋಕ್‌ಬಾ ಅವರ ಬೆರಳನ್ನು ತಮ್ಮ ಮೆತ್ತನೆಯ ಕೈಯಲ್ಲಿ ಹಿಡಿದು, "ಕಲ್ಲು ಸ್ವಲ್ಪ ಮಂಕಾಗಿದೆ ಅಲ್ವಾ ಬಾ? ಸಾಣೆ ಹಿಡಿಯೋರ ಮನೇಲೇ ಹೀಗಾದ್ರೆ ಹೇಗೆ?" ಎಂದು ತುಂಬು ಪ್ರೀತಿಯಿಂದ ಕೇಳಿ ಹೋದರು. ಮರುದಿನವೇ ತಾವು ಬಂಗಾರದ ಕಾಗದ ಸುತ್ತಿಕೊಂಡು, ರಿಬ್ಬನ್ ಕಟ್ಟಿಕೊಂಡು, ಅವರ ಕಾರಿನಲ್ಲಿ ದಯಮಾಡಿಸಿದಿರಿ. ಬೀಗರ ಉಡುಗೊರೆಯನ್ನು ಬೇಡವೆನ್ನುವುದು ಹೇಗೆ? ಆವತ್ತು ನನಗೆ ಮೈಯೆಲ್ಲ ಉರಿದದ್ದು ನಿಜ, ಆದರೂ ತಮಗೆ ಕುಂಕುಮವಿಟ್ಟೇ ಒಳಗೆ ಕರೆದುಕೊಂಡೆ.

ಆ ಉಂಗುರದ ವಿಷಯ ತಮಗೆ ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ಯಜಮಾನರು ಗೋರ್ಧನ್‌ಭಾಯಿ ಮೀಸೆ ಮೂಡುವ ಮೊದಲೇ ಸಾಣೆಚಕ್ರದ ಮುಂದೆ ಕೂತವರು, ಲೋಕದ ಕಿವಿ ಮೂಗು ಬೆರಳುಗಳಿಗೆಲ್ಲ ಹೊಳಪು ಕೊಟ್ಟು ತಮ್ಮ ಕಣ್ಣನ್ನು ಮಂಜು ಮಾಡಿಕೊಂಡವರು. ಅವರ ಕೈಯಲ್ಲಿ ಹಾದುಹೋದ ಅಷ್ಟು ಕಲ್ಲುಗಳಲ್ಲಿ ನಮ್ಮ ಹೊಸಿಲು ದಾಟಿ ಒಳಬಂದದ್ದು ಒಂದೇ ಒಂದು. ಒಳಗೆ ಕಪ್ಪು ಚುಕ್ಕೆಯಿದೆಯೆಂದು ಶೇಠ್ ಪಕ್ಕಕ್ಕೆಸೆದಿದ್ದ ಕಲ್ಲನ್ನು ಅವರು ಕೇಳಿ ಪಡೆದು, ಊಟದ ಬಿಡುವಿನಲ್ಲೆಲ್ಲ ಉಜ್ಜಿ, ಚುಕ್ಕೆ ಒಂದು ಮೂಲೆಗೆ ಸರಿಯುವಂತೆ ಕಲ್ಲಿಗೆ ಮುಖ ಕೆತ್ತಿ, ತಾಯಿಗೆ ಉಂಗುರ ಮಾಡಿಸಿದರು. ಅತ್ತೆ ಅದನ್ನು ಹಾಕಿಕೊಂಡೇ ಸಜ್ಜೆ ಹಿಟ್ಟು ನಾದಿದರು, ತುಪ್ಪ ಕಾಸಿದರು, ಜಲ್ಪಾಳ ತಲೆಗೆ ಎಣ್ಣೆ ತಿಕ್ಕಿದರು. ದೀಪಾವಳಿಗೊಮ್ಮೆ ಬಟ್ಟಲಲ್ಲಿ ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಹಳೆ ಹಲ್ಲುಜ್ಜುವ ಬ್ರಶ್ಶು, ಆಮೇಲೆ ಹತ್ತಿಬಟ್ಟೆ: ಇಷ್ಟೇ ಅದರ ಆರೈಕೆ. ನಿಶ್ಚಿತಾರ್ಥದ ದಿನ ಅದು ಮೊಮ್ಮಗಳ ಬೆರಳಿಗೆ ಎಂಬುದು ಅವಳು ಹುಟ್ಟಿದಾಗಲೇ ತೀರ್ಮಾನವಾಗಿತ್ತು.

ತಮ್ಮೊಳಗೆ ಉಂಗುರ ಇಳಿಸುವಾಗ ಅತ್ತೆ ತಡೆದರು. ನಮ್ಮವರು ಕೇಳಬೇಕಲ್ಲ. "ವಜ್ರಕ್ಕೆ ಏನಾಗುತ್ತೆ ಬಾ? ಕಾರ್ಖಾನೇಲಿ ಆಸಿಡ್‌ನಲ್ಲೇ ಕುದಿಸ್ತೀವಿ, ಇದು ಬರೀ ನೀರು" ಅಂದರು. ಅತ್ತೆ, "ಕಲ್ಲಿಗೆ ಏನೂ ಆಗಲ್ಲ ಕಣೋ, ಉಂಗುರಕ್ಕೆ ವಯಸ್ಸಾಗಿದೆ" ಅಂದರು. ನಮ್ಮ ಬೀದಿಯ ಗಂಡಸರೆಲ್ಲರ ಕಥೆಯೂ ಇದೇ, ಮಹಾಶಯರೇ. ಬಿಡಿ ಕಲ್ಲಿನ ನಾಡಿ ಹಿಡಿದು ಜಾತಕ ಹೇಳುತ್ತಾರೆ, ಆ ಕಲ್ಲನ್ನು ಹಿಡಿದು ಕೂತಿರುವ ಚಿನ್ನದ ಹಲ್ಲು ಸವೆದಿದೆಯೇ ಎಂದು ನೋಡುವ ಅಭ್ಯಾಸ ಒಬ್ಬರಿಗೂ ಇಲ್ಲ.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ನೀರು ಬೂದಿ ಬಣ್ಣಕ್ಕೆ ತಿರುಗಿತು, ಉಂಗುರ ಝಗ್ಗನೆ ಹೊಳೆಯಿತು, ಇಷ್ಟು ಕೊಳೆಯನ್ನು ಬೆರಳಲ್ಲಿಟ್ಟುಕೊಂಡು ಬೀಗಿತ್ತಿಯ ಮುಂದೆ ಕೂತಿದ್ದೆವಲ್ಲ ಎಂದು ನಾಚಿಕೊಂಡು ನಾನೇ ಆ ನೀರನ್ನು ಸಿಂಕಿಗೆ ಚೆಲ್ಲಿದೆ. ಸವೆದುಹೋಗಿದ್ದ ಹಲ್ಲುಗಳ ಸಂದಿಯಲ್ಲಿ ಕೂತು ಇಷ್ಟು ವರ್ಷ ಕಲ್ಲನ್ನು ಭದ್ರವಾಗಿ ಹಿಡಿದಿದ್ದದ್ದು ಅದೇ ಕೊಳೆ, ಅಂದರೆ ಅತ್ತೆಯ ಹಿಟ್ಟು, ತುಪ್ಪ ಮತ್ತು ಎಣ್ಣೆ ಎಂಬುದು ತಮಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ನಿಶ್ಚಿತಾರ್ಥದ ದಿನ ಅತ್ತೆ ಆ ಹೊಳೆಯುವ ಕೈಯಿಂದಲೇ ಬೆಲ್ಲ ಪುಡಿಮಾಡಿ, ಕೊತ್ತಂಬರಿ ಬೀಜ ಬೆರೆಸಿ, ಎರಡೂ ಕಡೆಯವರ ಅಂಗೈಗೆ ಒಂದೊಂದು ಚಿಟಿಕೆ ಇಟ್ಟರು. ನಮ್ಮಲ್ಲಿ ಆ ಬೆಲ್ಲ ಬಾಯಿಗೆ ಬಿದ್ದರೆ ಮಾತು ಗಟ್ಟಿಯಾದಂತೆ. ಎಲ್ಲರೂ ಬಾಯಿಗೆ ಹಾಕಿಕೊಂಡರು. ಅತ್ತೆ ಉಂಗುರ ಕಳಚಿ ಜಲ್ಪಾಳ ಬೆರಳಿನ ಹತ್ತಿರ ತಂದರು. ನಡುವೆ ಕಲ್ಲಿರಲಿಲ್ಲ, ತೂತಿತ್ತು.

"ಬಿತ್ತು!" ಎಂದು ನಮ್ಮವರ ಬಾಯಿಂದ ಕಾರ್ಖಾನೆಯ ಕೂಗು ತಾನಾಗಿಯೇ ಹೊರಟಿತು. ಸಾಣೆಯವರ ನಡುವೆ ಈ ಕೂಗು ಬಿದ್ದರೆ ಯಾರೂ ಕಾಲು ಎತ್ತುವಂತಿಲ್ಲ, ಕೈ ಕೊಡವುವಂತಿಲ್ಲ, ಇದ್ದವರು ಇದ್ದಲ್ಲೇ ನಿಲ್ಲಬೇಕು. ಬಂದವರೆಲ್ಲ ಇದೇ ಕಸುಬಿನವರಾದ್ದರಿಂದ ಇಡೀ ಮನೆ ಗಕ್ಕನೆ ನಿಂತಿತು, ಶೋಭನಾಬೆನ್ ಕೂಡ, ಬಾಯಿತುಂಬ ಬೆಲ್ಲ ಇಟ್ಟುಕೊಂಡು. ನೆಲ ನೋಡಿದೆವು, ಜಮಖಾನೆ ನೋಡಿದೆವು, ತಟ್ಟೆಯಲ್ಲಿ ಉಳಿದ ಬೆಲ್ಲವನ್ನು ಜರಡಿ ಹಿಡಿದೆವು. ಉಳಿದದ್ದು ಬಾಯಿಗಳು ಮಾತ್ರ. ಉಗುಳಿದರೆ ಕಲ್ಲು ಸಿಗುತ್ತದೆ, ಆದರೆ ಸಂಬಂಧದ ಬೆಲ್ಲ ಉಗುಳಿದ ಮನೆಗೆ ಮಗಳನ್ನು ಯಾರು ಕೊಟ್ಟಾರು, ಆ ಮನೆಯಿಂದ ಯಾರು ತಂದಾರು? ಜಲ್ಪಾ ತಲೆ ತಗ್ಗಿಸಿ ಅಪ್ಪನ ಕಾಲನ್ನೇ ನೋಡುತ್ತಿದ್ದಳು. ನಮ್ಮವರ ಮುಖ ನೋಡಲು ನನ್ನಿಂದಾಗಲಿಲ್ಲ. ಆ ಮನುಷ್ಯ ತನ್ನ ಮನೆಗೆಂದು ಉಜ್ಜಿದ್ದು ಅದೊಂದೇ ಕಲ್ಲು.

ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ ಹೇಳಿದರು: "ನುಂಗ್ರಪ್ಪಾ. ಕಲ್ಲು ಹೋದ್ರೆ ಹೋಗ್ಲಿ, ಕೊಟ್ಟ ಮಾತು ಉಗುಳೋದು ಬೇಡ." ಎಲ್ಲರೂ ಒಟ್ಟಿಗೆ ನುಂಗಿದರು. ಜಲ್ಪಾಳ ಬೆರಳಿಗೆ ತೂತಿನ ಉಂಗುರವನ್ನೇ ತೊಡಿಸಿದೆವು.

ಅಂದಿನಿಂದ ಎರಡೂ ಮನೆತನಗಳು ಪ್ರತಿ ಮುಂಜಾನೆ ಎಷ್ಟು ಶ್ರದ್ಧೆಯಿಂದ ಏನನ್ನು ಪರೀಕ್ಷಿಸುತ್ತಿವೆಯೆಂದು ತಮ್ಮಂಥ ಶುಭ್ರರ ಮುಂದೆ ವಿವರಿಸಲಾರೆ. ಫೋನು ಬಂದರೆ ಈಗ ಯಾರೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. "ನಿಮ್ಮಲ್ಲಿ ಬಂತಾ?" "ಇನ್ನೂ ಇಲ್ಲ, ನಿಮ್ಮಲ್ಲಿ?" ಇಷ್ಟೇ ಮಾತು. ನಮ್ಮ ಮೈದುನನಿಗೆ ಮಲಬದ್ಧತೆ. ಅವನ ಮೇಲೆ ಇಡೀ ಬಳಗದ ಕಣ್ಣಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಸಿಂಕಿನಲ್ಲಿ ಹರಿದುಹೋದ ಆ ಕೊಳೆಯನ್ನು, ಯಾವ ವರ್ಷದ ಹಿಟ್ಟು ಎಲ್ಲಿತ್ತೋ ಅಲ್ಲೇ ಮತ್ತೆ ಕೂರಿಸಿಕೊಡುವ ಕೃಪೆ ಮಾಡಬೇಕು. ಅದು ತಮ್ಮ ಅಂತಸ್ತಿಗೆ ತಕ್ಕದ್ದಲ್ಲವಾದರೆ, ಕೆಲವರ ನಾಲಿಗೆಯ ಮೇಲೆ ಕೂತಿರುವುದನ್ನು ಗುಂಯ್‌ಗುಟ್ಟಿ ಉದುರಿಸುವ ಒಂದು ಗುಂಡಿಯನ್ನಾದರೂ ಮೈಮೇಲೆ ಬೆಳೆಸಿಕೊಳ್ಳಬೇಕು. ಇವೆರಡೂ ಆಗದಿದ್ದಲ್ಲಿ ಆ ನೀಲಿ ದೀಪವನ್ನು ಆರಿಸಿಕೊಂಡು, ನಾಚಿಕೆಯಿಂದ ಎರಡು ದಿನ ಕತ್ತಲಲ್ಲಿ ಕೂರಬೇಕು. ಅಷ್ಟಾದರೂ ಮಾಡಿ.

ಕೊಳೆ ಕಳೆದುಕೊಂಡು ಬಡವಳಾಗಿರುವ,
ತಮ್ಮ ವಿಶ್ವಾಸಿ,
ಲಾಭುಬೆನ್

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಶೋಭನಾಬೆನ್ ಕಾರು ಬಂತು. ಅವರು ಒಳಗೆ ಬರಲಿಲ್ಲ, ಕಿಟಕಿಯಿಂದಲೇ ಒಂದು ಪುಟ್ಟ ಪೊಟ್ಟಣ ನನ್ನ ಕೈಗಿಟ್ಟು, ಮುಖ ಕೆಂಪಗೆ ಮಾಡಿಕೊಂಡು, "ಬಂತು" ಎಂದಷ್ಟೇ ಹೇಳಿದರು. ನಮ್ಮವರು ಕಲ್ಲು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಕಪ್ಪು ಚುಕ್ಕೆ ಅದರ ಮೂಲೆಯಲ್ಲೇ ಇತ್ತು. ಆಕೆ ಬೇಕಿದ್ದರೆ ಕಾರ್ಖಾನೆಯಿಂದ ಇದಕ್ಕಿಂತ ಒಳ್ಳೆಯ ಕಲ್ಲೊಂದನ್ನು ಕಳಿಸಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ, ಅದಕ್ಕೆ ನಾನು ಅವರಿಗೆ ತಲೆಬಾಗುತ್ತೇನೆ. ಅತ್ತೆ ಕಲ್ಲನ್ನು ಬಟ್ಟಲಿನ ಬೆಚ್ಚಗಿನ ನೀರಿಗೆ ಹಾಕಿ, ಸೋಪು ಮಾತ್ರ ಒಂದು ಹನಿಯ ಬದಲು ಅರ್ಧ ಬಾಟಲಿ ಸುರಿದರು. ತಮ್ಮನ್ನು ಮತ್ತೆ ಬಂಗಾರದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿ, ಬಾಗಿಲಲ್ಲಿ ಇನ್ನೂ ಕಾದಿರುವ ಅದೇ ಕಾರಿನಲ್ಲಿ ಕಳಿಸಿಕೊಡುತ್ತಿದ್ದೇನೆ. ಆ ಪೊಟ್ಟಣ ಬಿಚ್ಚಿದಾಗ ಮೂಗಿಗೆ ಬಂದದ್ದನ್ನು ನೋಡಿದರೆ, ತಮ್ಮ ಅಗತ್ಯ ಈಗ ನಮಗಿಂತ ಅವರ ಮನೆಗೇ ಹೆಚ್ಚು.